ಖಾಲಿ ಕಾಟಾದ ತೂಕ

ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ಮಧ್ಯಾಹ್ನ ಹಿಡಿದ ಮಳೆ ಸಂಜೆಯಾದರೂ ಬಿಟ್ಟಿರಲಿಲ್ಲ. ಲಾರಿ ತೂಗುವ ಕಾಟಾದ ಪಕ್ಕದ ಕೋಣೆಯಲ್ಲಿ ತೂಕ ಬರೆಯುವ ಹೇಮಾವತಿ ಹಳೆಯ ಕಂಪ್ಯೂಟರಿಗೆ ಡಿಸ್ಕ್‌ನಿಂದ ವಿಂಡೋಸ್ ಎಕ್ಸ್‌ಪಿ ಹಾಕುತ್ತ ಕುಳಿತಿದ್ದಳು. ಹೊಸ ಕಂಪ್ಯೂಟರ್ ಕೆಟ್ಟಿದ್ದರಿಂದ ಗೋಣಿಚೀಲಗಳ ಹಿಂದಿದ್ದ ಇದನ್ನು ಎಳೆದು ತಂದಿದ್ದರು. ಹೊರಗೆ ಮಲ್ಲೇಶನ ಟ್ರ್ಯಾಕ್ಟರಿನ ತಾಡಪಾಲು ಹರಿದು ಭತ್ತ ನೆನೆಯುತ್ತಿತ್ತು, ತೂಗದೆ ಇಳಿಸುವಂತಿರಲಿಲ್ಲ. ಪರದೆಯ ಮೇಲೆ ಹಸಿರು ಪಟ್ಟಿ ಮುಂದೆ ತೆವಳಿದಂತೆಲ್ಲ ಅವಳ ಎದೆ ಕುಣಿಯುತ್ತಿತ್ತು.

"ಅಕ್ಕಾ, ಭತ್ತ ಮೊಳಕಿ ಒಡದ ಮ್ಯಾಲೆ ತೂಗ್ತೀಯೇನು?" ಎಂದ ಮಲ್ಲೇಶ.

"ಸುಮ್ ಕುಂದ್ರಲೇ, ಹೊಂಟೈತಿ."

ಬೆಂಚಿನ ಮೇಲಿದ್ದ ಮುದಿ ಹಮಾಲಿ ಅಂಜಿನಯ್ಯ ಬೀಡಿ ಆರಿಸಿದ.

"ಬರ್ರಿ, ಹತ್ರ ಕುಂದ್ರಿ... ಹಿಂದಕ ಈ ಕುರ್ಚ್ಯಾಗ ಕುಂತು ತೂಕ ಬರೀತಿದ್ದ ಪಂಪೇಶ್ ಇದ ಡಿಸ್ಕ್ ಹಾಕಿದಾಗ ಏನಾತು ಗೊತ್ತೇನು? ನಮ್ ಹಮಾಲಿ ಹುಲುಗಪ್ಪ ಇಂಥದ ಮಳ್ಯಾಗ ಆ ಕಾಟಾದ ಮ್ಯಾಲೆ ನಿಂತಿದ್ದ... ಕೆಸರಾಗ್ತೈತಿ ಅಂತ ಆಗ ನಮ್ಮನ್ನ ಈ ಕೋಣ್ಯಾಗ ಬಿಡತಿರಲಿಲ್ಲ... ನಿಂತಲ್ಲೇ ಸಿಡಿಲು ಬಡೀತು. ಅದ ಸಿಡಿಲಿಗೆ ಕಂಪ್ಯೂಟ್ರೂ ಸತ್ತಿತ್ತು. ಪಂಪೇಶ್ ಡಿಸ್ಕ್ ಹಾಕಿ ಎಬ್ಬಿಸಿದ ನೋಡ್ರಿ, ಖಾಲಿ ಕಾಟಾ ಅರವತ್ತು ಕೆ.ಜಿ. ತೋರಿಸ್ತು! ಕೆಸರಿರಬೇಕಂತ ಗುಡಿಸಿದ್ವಿ, ನೀರು ಬಳದ್ವಿ... ಹೋತೇನು? ಹುಲುಗಪ್ಪನ ತೂಕ ನಮಗ ಗೊತ್ತಿಲ್ಲೇನು, ಲೋಡ್ ಇಲ್ದಾಗ ಎಲ್ರೂ ಅದರ ಮ್ಯಾಲೆ ನಿಂತು ನೋಡ್ಕಂತಿದ್ವಿ. ಪಂಪೇಶ್ ನಕ್ಕು ಜೀರೋ ಒತ್ತಿದ, ಅರವತ್ತಿದ್ದದ್ದು ಸೊನ್ನಿ ಆತು. ಗಾಡಿ ತೂಗಿ ಮುಗಿಸೋ ಹೊತ್ತಿಗೆ ಖಾಲಿ ಕಾಟಾ ಮೈನಸ್ ಅರವತ್ತಕ್ಕ ಬಂತು... ಅಂದ್ರ ಏನು? ಮ್ಯಾಲೆ ನಿಂತಿದ್ದಂವ ಇಳದ. ಇಳದು ಎಲ್ಲಿಗೆ ಹೋದ? ಬಾಗಲದಿಂದ ಪಂಪೇಶನ ಕುರ್ಚಿ ತನ ಹಸಿ ಹೆಜ್ಜಿ... ಪಂಪೇಶ್ ಯಶವಂತನಗರದ ಗಣಿ ಸೇರಿದಂವ ಇತ್ಲಾಗ ಕಾಲಿಟ್ಟಿಲ್ಲ. ಸಾವ್ಕಾರ ಹೊಸ ಕಂಪ್ಯೂಟ್ರು ತಂದ, ಅದು ಬದುಕಿದ್ದವರನ್ನ ಅಷ್ಟ ತೂಗ್ತಿತ್ತು."

"ಹಂಗಾರ ಅವನ ತೂಕ ನನ್ನ ಭತ್ತಕ್ಕ ಸೇರಿಸ್ಬಿಡು ತಾತ," ಎಂದು ಮಲ್ಲೇಶ ಬಾಗಿಲಲ್ಲೇ ನಿಂತು ನಕ್ಕ.

ಅಷ್ಟರಲ್ಲಿ ಕಂಪ್ಯೂಟರ್ ತನ್ನ ಹಳೆಯ ರಾಗ ಎಳೆಯಿತು. ಹೇಮಾವತಿ ಅವಸರದಲ್ಲಿ ತೂಕದ ಪ್ರೋಗ್ರಾಂ ಹಾಕಿ ತೆರೆದಳು. "ಬಂತು ತಾತ, ಬಂತು," ಎಂದು ಚಪ್ಪಾಳೆ ತಟ್ಟಲು ಎತ್ತಿದ ಕೈ ಹಾಗೇ ನಿಂತಿತು. ಖಾಲಿ ಕಾಟಾ ಅರವತ್ತು ತೋರಿಸುತ್ತಿತ್ತು.

"ಜೀರೋ ಒತ್ತಕ್ಕ..." ಮಲ್ಲೇಶನ ದನಿ ಸಣ್ಣಗಾಗಿತ್ತು. "ಭತ್ತ ನೆನೀತೈತಿ."

ಅವಳು ಬೆರಳು ತಾಗಿಸಲಿಲ್ಲ. ನೋಡನೋಡುತ್ತಿದ್ದಂತೆ ಅರವತ್ತು ಹೋಗಿ ಸೊನ್ನೆ ಬಂತು.

"ನಾ ಒತ್ತಿಲ್ಲ ತಾತ..."

"ಗೊತ್ತವ್ವ." ಅಂಜಿನಯ್ಯ ಬೆಂಚಿನ ಮೇಲೆ ಸರಿದು ಪಕ್ಕದಲ್ಲಿ ಜಾಗ ಮಾಡಿದ. "ಮಲ್ಲೇಶಾ, ಗಾಡಿ ಹತ್ತಿಸು, ಇನ್ನ ತೂಕ ಸರಿ ಬರ್ತೈತಿ. ಬಾಗಲದಾಗ ಅಡ್ಡ ನಿಂದ್ರಬ್ಯಾಡ, ಜರಾ ಸರಿ... ಅಂವ ಒಳಗ ಬರ್ಲಿ."