ಮೂರು ಬೆರಳಿನ ಗುರುತು

ಹೇಳಿಕೆದಾರ: ಹೊಲಿಗೆ ಮಿಷನ್ ರಿಪೇರಿಯವನು, ಬೀದಿಯವರ ಬಾಯಲ್ಲಿ ‘ಮಿಷನ್ ಮಾವ’. ವಯಸ್ಸು: 63 ವರ್ಷ. ಕಸುಬು: ನಲವತ್ತೊಂದು ವರ್ಷದಿಂದ ಹೊಲಿಗೆ ಯಂತ್ರಗಳ ದುರಸ್ತಿ. ವಾಸ: ಬಟ್ಟೆ ಅಂಗಡಿಗಳ ಬೀದಿಯ ಕೊನೆಯಲ್ಲಿ, ನನ್ನ ಅಂಗಡಿಯ ಮೇಲಿನ ಎರಡು ಕೋಣೆ.

ಯಾರೂ ಕರೆಸದೆ ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ, ವಾಚನಾಲಯದ ದುರ್ಬೀನು ಕಳುವಾದ ಪ್ರಕರಣದಲ್ಲಿ ಮೊನ್ನೆ ಸೋಮವಾರ ನೀವು ಕರೆತಂದಿರುವ ಬೀಗ ರಿಪೇರಿಯವರು ಆ ವಾಚನಾಲಯದೊಳಗೆ ಕಾಲಿಟ್ಟವರಲ್ಲ. ಬೀರುವಿನ ಮೇಲೆ ನಿಮಗೆ ಸಿಕ್ಕಿರುವ ಬೆರಳ ಗುರುತು ಅವರ ಬೆರಳಿನದೇ ಹೌದು. ಆದರೆ ಅದನ್ನು ಅಲ್ಲಿ ಒತ್ತಿದ್ದು ಅವರ ಕೈಯಲ್ಲ, ನಾನು ಮಾಡಿದ ಕೈ. ಇದು ತಲೆಕೆಟ್ಟವನ ಮಾತಿನಂತೆ ಕೇಳುತ್ತದೆಂದು ನನಗೆ ಗೊತ್ತು. ಆದ್ದರಿಂದ ಮೊದಲಿನಿಂದ ಹೇಳುತ್ತೇನೆ.

ನನ್ನ ಅಳಿಯ ಹಲ್ಲಿನ ಡಾಕ್ಟರ ಬಳಿ ಕಟ್ಟುಹಲ್ಲು ಮಾಡುವ ಕೆಲಸದಲ್ಲಿದ್ದಾನೆ. ಮೂರು ವರ್ಷದಿಂದ ರಜೆಯ ದಿನಗಳಲ್ಲಿ ಮನುಷ್ಯಾಕಾರದ ಒಂದು ರೋಬೋ ಕಟ್ಟುತ್ತಿದ್ದಾನೆ. ಎತ್ತರ ನಾಲ್ಕು ಅಡಿ ಎರಡು ಅಂಗುಲ. ಅದರಿಂದ ಯಾರಿಗೂ ಕಾಸಿನ ಪ್ರಯೋಜನವಿಲ್ಲ, ಅವನಿಗೊಂದು ಹುಚ್ಚು ಅಷ್ಟೆ. ಯಾವ ಕೆಲಸಕ್ಕೂ ಬಾರದೆ ನಮ್ಮ ಅಂಗಡಿಯ ಮೂಲೆಯಲ್ಲಿ ನಿಂತಿರುವುದರಿಂದ ನನ್ನ ಹೆಂಡತಿ ಅದಕ್ಕೆ ‘ಮೈಗಳ್ಳ’ ಎಂದು ಹೆಸರಿಟ್ಟಿದ್ದಾಳೆ. ತಲೆ, ಎದೆ, ಕಾಲುಗಳು ಅಳಿಯನ ಕೆಲಸ. ಕೊಂಡು ತಂದ ಕೈಗಳು ಇಕ್ಕಳದ ಹಾಗೆ ಕಚ್ಚುತ್ತವೆ, ಒಂದು ಲೋಟವನ್ನೂ ನಾಜೂಕಾಗಿ ಹಿಡಿಯುವುದಿಲ್ಲ ಎಂದು ಅವನು ಗೋಳಾಡಿದ್ದರಿಂದ ಕೈಗಳನ್ನು ನಾನು ಮಾಡಿಕೊಡಲು ಒಪ್ಪಿದೆ.

ಸದರಿ ಕೈಗಳಿಗೆ ಮೂರು ಮೂರೇ ಬೆರಳು: ಹೆಬ್ಬೆರಳು, ತೋರುಬೆರಳು, ನಡುಬೆರಳು. ಒಳಗೆ ಓಡುವ ಗಾಳದ ದಾರವನ್ನು ಪುಟ್ಟ ಮೋಟರು ಎಳೆದರೆ ಬೆರಳು ಮಡಚುತ್ತದೆ. ದಾರ ಸುತ್ತಿಕೊಳ್ಳಲು ಬಾಬಿನ್ ಹಾಕಿದ್ದೇನೆ. ಬೆರಳು ಮತ್ತೆ ನೆಟ್ಟಗಾಗಲು ಹಳೆಯ ಹೊಲಿಗೆ ಮಿಷನ್ನುಗಳ ಸ್ಪ್ರಿಂಗು. ದಾರ ಸರಾಗವಾಗಿ ಓಡಲೆಂದು ಬಿಟ್ಟ ಮಿಷನ್ ಎಣ್ಣೆ ನಿಧಾನವಾಗಿ ಬೆರಳ ತುದಿಗೂ ಇಳಿಯುತ್ತದೆ. ಈ ಎಣ್ಣೆಯ ವಿಷಯವನ್ನು ದಯವಿಟ್ಟು ಗಮನಿಸಬೇಕು.

ಮೊದಲು ಮರದ ಬೆರಳು ಮಾಡಿದೆ, ಹಿಡಿದದ್ದೆಲ್ಲ ಜಾರಿತು. ಆಮೇಲೆ ಸೈಕಲ್ ಟ್ಯೂಬು ಸುತ್ತಿದೆ, ವಾರದಲ್ಲಿ ಹರಿಯಿತು. ಮೂರನೆಯ ಸಲ ಅಳಿಯ ತಂದುಕೊಟ್ಟ ಸಿಲಿಕಾನ್ ರಬ್ಬರಿನಲ್ಲಿ ನುಣ್ಣಗೆ ಎರಕ ಹೊಯ್ದೆ. ನೋಡಲು ಚೆಂದವಿತ್ತು, ಗಾಜಿನ ಲೋಟ ಮಾತ್ರ ನಿಲ್ಲಲಿಲ್ಲ. ಒಟ್ಟು ಹದಿನೇಳು ಲೋಟ ಒಡೆದಿವೆ ಎಂಬುದು ಹೆಂಡತಿಯ ಲೆಕ್ಕ, ನನ್ನ ಪ್ರಕಾರ ಹದಿನಾಲ್ಕು. ಬರೆದುಕೊಳ್ಳುತ್ತಿರುವ ಹೆಡ್ ಕಾನ್‌ಸ್ಟೇಬಲ್ ಅವರು ಲೋಟದ ಸುದ್ದಿ ಬಿಟ್ಟು ವಿಷಯಕ್ಕೆ ಬರುವಂತೆ ತಿಳಿಸಿದ್ದರಿಂದ ವಿಷಯಕ್ಕೆ ಬರುತ್ತೇನೆ.

ಬೀಗ ರಿಪೇರಿಯವರನ್ನು ಬೀದಿಯಲ್ಲಿ ಎಲ್ಲರೂ ‘ಬೀಗದಣ್ಣ’ ಎನ್ನುತ್ತಾರೆ. ಅವರ ಅಂಗಡಿ ನನ್ನ ಅಂಗಡಿಯ ಎದುರಿಗೆ, ಹನ್ನೊಂದು ಹೆಜ್ಜೆ ದೂರದಲ್ಲಿದೆ. ಇಪ್ಪತ್ತೆರಡು ವರ್ಷದ ಕೆಳಗೆ ಅವರು ಕಳ್ಳತನದ ಕೇಸಿನಲ್ಲಿ ಹದಿನಾಲ್ಕು ತಿಂಗಳು ಜೈಲಿನಲ್ಲಿದ್ದದ್ದು ನಿಜ. ಅವರ ಬೆರಳಚ್ಚು ನಿಮ್ಮಲ್ಲಿರುವುದು ಆವಾಗಿನಿಂದ. ಇದನ್ನು ಅವರು ಎಂಟು ವರ್ಷದ ಹಿಂದೆ, ನಮ್ಮ ಪರಿಚಯವಾದ ಮೊದಲ ವಾರದಲ್ಲೇ, ನಾನು ಕೇಳದೆ ಹೇಳಿದ್ದರು. ಆಮೇಲೆ ದಿನಾ ಸಂಜೆ ನಾಲ್ಕು ಗಂಟೆಗೆ ಇಬ್ಬರೂ ನನ್ನ ಅಂಗಡಿಯಲ್ಲಿ ಕೂತು ಚಹಾ ಕುಡಿಯುವುದು ರೂಢಿಯಾಯಿತು.

ಜನವರಿ 11, ಭಾನುವಾರ, ಸಂಜೆ ಸುಮಾರು 4.15ಕ್ಕೆ ಲೋಟ ಜಾರುವುದನ್ನು ನೋಡಿದ ಬೀಗದಣ್ಣ, ಬೆರಳಿಗೆ ಗೆರೆಗಳಿರುವುದು ಸುಮ್ಮನೆ ಅಲ್ಲ, ಗೆರೆಯಿಲ್ಲದ ಬೆರಳು ಹಲ್ಲಿಲ್ಲದ ಬಾಯಿಯಂತೆ ಎಂದರು. ಆ ಮಾತು ಅಳಿಯನಿಗೆ ನಾಟಿತು. ನಿಜವಾದ ಬೆರಳಿನಿಂದಲೇ ಅಚ್ಚು ತೆಗೆಯೋಣ, ಹಲ್ಲಿನ ಅಳತೆ ತೆಗೆಯುವ ಹಿಟ್ಟು ತನ್ನಲ್ಲಿದೆ, ಅದು ಕೂದಲೆಳೆಯನ್ನೂ ಬಿಡದೆ ಹಿಡಿಯುತ್ತದೆ ಎಂದ. ನನ್ನ ಬೆರಳು ನೋಡಿದೆವು. ನಲವತ್ತು ವರ್ಷ ಎಮರಿ ಕಾಗದ ತಿಕ್ಕಿ ತಿಕ್ಕಿ ಅಲ್ಲಿ ಗೆರೆ ಎಂಬುದೇ ಉಳಿದಿಲ್ಲ, ಬೇಕಾದರೆ ಈಗಲೇ ನೋಡಬಹುದು. ಅಳಿಯನದು ಪ್ಲಾಸ್ಟರಿನಿಂದ ಒಣಗಿ ಬಿರುಕು ಬಿಟ್ಟಿದೆ. ಬೀಗದಣ್ಣನ ಬೆರಳು ಮಾತ್ರ ಹೊಸ ಅರದ ಹಾಗೆ ಚೊಕ್ಕವಾಗಿತ್ತು. ಅವರು ತಾವೇ ಅಂಗಿಯ ತೋಳು ಮಡಚಿ ಎರಡೂ ಕೈ ಚಾಚಿದರು. ಆರು ನಿಮಿಷ ಅಲ್ಲಾಡಿಸದೆ ಹಿಟ್ಟಿನಲ್ಲಿ ಬೆರಳಿಟ್ಟುಕೊಂಡರು. ಹುಷಾರಾಗಿರಿ, ನನ್ನ ಹಳೇ ವಿದ್ಯೆಯೂ ಇದಕ್ಕೆ ಹತ್ತಿಬಿಟ್ಟೀತು ಎಂದು ನಕ್ಕರು. ನಾವೂ ನಕ್ಕೆವು. ಹೀಗೆ ಮಾಡಿದರೆ ಅವರ ಬೆರಳ ಗುರುತನ್ನೇ ಊರ ಮೇಲೆ ಬಿಟ್ಟಂತಾಗುತ್ತದೆ ಎಂದು ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ನಮ್ಮ ತಲೆಯಲ್ಲಿದ್ದದ್ದು ಲೋಟ ಒಂದೇ.

ಮರುವಾರ ಹೊಸ ಬೆರಳ ತುದಿಗಳನ್ನು ಕೂಡಿಸಿದೆ. ಮೈಗಳ್ಳ ಲೋಟ ಹಿಡಿದು ಎರಡು ನಿಮಿಷ ನಿಂತ. ನನ್ನ ಹೆಂಡತಿ ಅದರಲ್ಲಿ ನೀರು ತುಂಬಿಸಿದರೂ ಬಿಡಲಿಲ್ಲ. ಆ ದಿನ ನನಗಾದ ಸಂತೋಷ ಮಗಳ ಮದುವೆಯಲ್ಲೂ ಆಗಿರಲಿಲ್ಲ.

ಫೆಬ್ರವರಿ 20, ಶುಕ್ರವಾರ, ಬೆಳಿಗ್ಗೆ 11.30ರ ಹೊತ್ತಿಗೆ ಬೀಗದಣ್ಣ ನನ್ನ ಅಂಗಡಿಯಲ್ಲಿ ತಗಡು ಕತ್ತರಿಸುವಾಗ ಅವರ ಬಲಗೈ ತೋರುಬೆರಳ ತುದಿ ಅಡ್ಡಕ್ಕೆ ಸೀಳಿತು. ನಾನೇ ಬಟ್ಟೆ ಸುತ್ತಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಮೂರು ಹೊಲಿಗೆ ಬಿದ್ದವು. ಚೀಟಿಯನ್ನು ಈ ಹೇಳಿಕೆಯೊಂದಿಗೆ ಹಾಜರುಪಡಿಸಿದ್ದೇನೆ.

ಮಾರ್ಚ್ 14, ಶನಿವಾರ, ವಾಚನಾಲಯದಲ್ಲಿ ಹವ್ಯಾಸಿಗಳ ಕೈಕೆಲಸದ ಪ್ರದರ್ಶನವಿತ್ತು. ಬೀಗದಣ್ಣನನ್ನೂ ಕರೆದೆ. ಜನ ಸೇರುವ ಕಡೆ ಏನಾದರೂ ಕಳೆದರೆ ಮೊದಲು ತನ್ನ ಮುಖ ನೋಡುತ್ತಾರೆ, ಆದ್ದರಿಂದ ತಾನು ಅಂಥ ಕಡೆ ಹೋಗುವುದನ್ನೇ ಬಿಟ್ಟಿದ್ದೇನೆ ಎಂದರು. ನಾನು ಒತ್ತಾಯಿಸಲಿಲ್ಲ. ಅಂದು ಬೆಳಿಗ್ಗೆ 9ರಿಂದ ರಾತ್ರಿ 7ರವರೆಗೆ ಅವರು ಅಂಗಡಿಯಲ್ಲೇ ಇದ್ದದ್ದನ್ನು ನನ್ನ ಹೆಂಡತಿ ಕಂಡಿದ್ದಾಳೆ.

ಮಧ್ಯಾಹ್ನ 1.30ಕ್ಕೆ ಊಟದ ಬಿಡುವಿನಲ್ಲಿ ನಾನು ಮತ್ತು ಅಳಿಯ ಮೈಗಳ್ಳನನ್ನು ಒಳಕೋಣೆಗೆ ತಂದು ನಿಲ್ಲಿಸಿದೆವು. ಅಲ್ಲಿ ಗಾಜಿನ ಬಾಗಿಲಿನ ಬೀರು ಇತ್ತು, ಒಳಗೆ ಹಿತ್ತಾಳೆಯ ದುರ್ಬೀನು. ಮಧ್ಯಾಹ್ನದ ಮೇಲೆ ಬಾಗಿಲು ತೆಗೆಯುವ ಆಟ ತೋರಿಸುವುದಿತ್ತು. ಅಭ್ಯಾಸಕ್ಕೆಂದು ಬೀರುವಿನ ದುಂಡು ಹಿಡಿಯನ್ನು ಮೈಗಳ್ಳನಿಂದ ಹಿಡಿಸಿದೆವು. ಮೊದಲ ಸಲ ಗುರಿ ತಪ್ಪಿ ಬಲಗೈಯ ಮೂರು ಬೆರಳೂ ಗಾಜಿನ ಮೇಲೆ ಒತ್ತಿದವು. ಎರಡನೆಯ ಸಲ ಹಿಡಿ ಸಿಕ್ಕಿತು. ಎಳೆದ ರಭಸಕ್ಕೆ ಕೊಕ್ಕೆ ಕಳಚಿ ಬಾಗಿಲು ಗೇಣಗಲ ತೆರೆಯಿತು. ಆಗ ದುರ್ಬೀನು ಒಳಗೇ ಇತ್ತು. ಬಾಗಿಲನ್ನು ನಾನೇ ಮುಚ್ಚಿದೆ. ನನ್ನ ಬೆರಳಲ್ಲಿ ಗೆರೆಯಿಲ್ಲದ್ದರಿಂದ ನನ್ನ ಗುರುತು ನಿಮಗೆ ಸಿಕ್ಕಿರಲಾರದು. ಕೊಕ್ಕೆ ಸರಿಯಾಗಿ ಕೂತಿತೋ ಇಲ್ಲವೋ ನೋಡಲಿಲ್ಲ. ಗ್ರಂಥಪಾಲಕಿಗೂ ಹೇಳಲಿಲ್ಲ. ಬೈಸಿಕೊಳ್ಳುವ ಭಯವಿತ್ತು. ಸಂಜೆ 6ಕ್ಕೆ ಅವರು ನೋಡಿದಾಗ ದುರ್ಬೀನು ಇರಲಿಲ್ಲ ಎಂದು ಆಮೇಲೆ ತಿಳಿಯಿತು. ಅದನ್ನು ಯಾರು ತೆಗೆದುಕೊಂಡರೋ ನನಗೆ ಗೊತ್ತಿಲ್ಲ. ಅವರಿಗೆ ಬಾಗಿಲು ತೆರೆದುಕೊಟ್ಟವನು ನಾನೇ ಇರಬಹುದು.

ಮಾರ್ಚ್ 16, ಸೋಮವಾರ, ಸಂಜೆ 4.40ಕ್ಕೆ ಇಬ್ಬರು ಪೊಲೀಸರು ಬೀಗದಣ್ಣನ ಅಂಗಡಿಗೆ ಬಂದರು. ಬೀರುವಿನ ಮೇಲೆ ನಿನ್ನ ಬೆರಳ ಗುರುತು ಸಿಕ್ಕಿದೆ ಎಂದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಅವರು ಅರ್ಧ ಕೊರೆದ ಕೀಲಿಯನ್ನು ಹಾಗೇ ಬಿಟ್ಟು ಎದ್ದರು. ಹೋಗುವಾಗ ನನ್ನ ಕಡೆ ನೋಡಿದರು. ನಾನು ತಲೆ ಎತ್ತದೆ ಮಿಷನ್ನಿಗೆ ಎಣ್ಣೆ ಬಿಡುತ್ತಿದ್ದೆ. ಆ ಮಿಷನ್ನಿಗೆ ಎಣ್ಣೆ ಬೇಕಾಗಿರಲಿಲ್ಲ.

ಅಂದು ರಾತ್ರಿ ಊಟದ ಹೊತ್ತಿಗೆ ಹೆಂಡತಿ ಏನಾಯಿತೆಂದು ಕೇಳಿದಾಗ, ಹುಟ್ಟುಗುಣ ಸುಟ್ಟರೂ ಹೋಗದು ಎಂದು ನಾನು ಹೇಳಿದೆ. ಅವಳು ಅರ್ಧ ಊಟಕ್ಕೆ ಕೈ ತೊಳೆದುಕೊಂಡು ಎದ್ದಳು. ಮರುದಿನ ಮಂಗಳವಾರ ಪಕ್ಕದ ಬಟ್ಟೆ ಅಂಗಡಿಯವರಿಗೂ ಅದೇ ಮಾತು ಹೇಳಿದೆ. ಬೆಳಿಗ್ಗೆ 10ಕ್ಕೆ ನಾನೂರು ಮೀಟರ್ ನಡೆದು ಬೇರೆ ಬೀದಿಯಿಂದ ಒಂದು ಹೊಸ ಬೀಗ ತಂದು ಅಂಗಡಿಗೆ ಹಾಕಿದೆ. ಹಳೆಯದರ ಕೀಲಿ ಬೀಗದಣ್ಣ ಮಾಡಿಕೊಟ್ಟದ್ದಾಗಿತ್ತು. ಇದನ್ನು ಬರೆಯುವ ಅಗತ್ಯವಿಲ್ಲ ಎಂದು ಹೆಡ್ ಕಾನ್‌ಸ್ಟೇಬಲ್ ಅವರು ಹೇಳಿದರೂ ನಾನು ಬರೆಯಿಸಿದ್ದೇನೆ.

ಇಂದು ಮಾರ್ಚ್ 18, ಬುಧವಾರ, ಬೆಳಿಗ್ಗೆ 7.20ಕ್ಕೆ ಹೆಂಡತಿ ಅಂಗಡಿಯ ಕಪಾಟಿನಲ್ಲಿ ಉಳಿದಿದ್ದ ಲೋಟಗಳನ್ನು ತೊಳೆಯಲು ತೆಗೆದಳು. ಎರಡು ದಿನದಿಂದ ನನ್ನೊಡನೆ ಮಾತು ಬಿಟ್ಟಿದ್ದವಳು ಆಗ ಬಾಯಿ ಬಿಟ್ಟಳು.

“ನಿಮ್ಮ ಮೈಗಳ್ಳ ಕೆಲಸ ಕಲೀದಿದ್ರೂ ಹೊಲಸು ಮಾಡೋದು ಕಲಿತಿದ್ದಾನೆ. ನೋಡಿ, ಲೋಟದ ತುಂಬ ಎಣ್ಣೆ ಬೆರಳು” ಎಂದಳು.

ನಾನು ಲೋಟವನ್ನು ಬೆಳಕಿಗೆ ಹಿಡಿದೆ. ಮೂರು ಬೆರಳು, ಗೆರೆ ಗೆರೆಯಾಗಿ. ಪೆನ್ಸಿಲಿನ ಸೀಸವನ್ನು ಪುಡಿ ಮಾಡಿ ಊದಿದೆ. ಗೆರೆಗಳು ಕಪ್ಪಾಗಿ ಎದ್ದು ನಿಂತವು. ಲೋಟವನ್ನು ಕೆಳಗಿಟ್ಟೆ. ನನ್ನ ಹೆಂಡತಿಗೆ ಒಂದೇ ವಾಕ್ಯದಲ್ಲಿ ವಿವರಿಸಿದೆ. ಅವಳು ಇನ್ನೂ ಇಲ್ಲೇ ಯಾಕೆ ನಿಂತಿದ್ದೀರಿ ಎಂದು ಕೇಳಿದಳು. 7.45ಕ್ಕೆ ಅಳಿಯನಿಗೆ ಫೋನ್ ಮಾಡಿ, ಎರಡೂ ಕೈಗಳನ್ನು ಮಣಿಕಟ್ಟಿನಲ್ಲಿ ಬಿಚ್ಚಿ, ಟವೆಲಿನಲ್ಲಿ ಸುತ್ತಿ, 8.50ಕ್ಕೆ ಠಾಣೆ ತಲುಪಿದೆ. ಬಾಗಿಲಲ್ಲಿದ್ದವರು ಟವೆಲ್ ಬಿಚ್ಚಿ ನೋಡಿ ಗಾಬರಿಯಾದರು. ಅದಕ್ಕಾಗಿ ಕ್ಷಮೆ ಕೋರುತ್ತೇನೆ.

ನನ್ನ ವಿನಂತಿ ಇಷ್ಟೆ. ಬೀರುವಿನ ಮೇಲೆ ಸಿಕ್ಕಿದ್ದು ಮೂರು ಬೆರಳು ಮಾತ್ರ, ಉಂಗುರಬೆರಳಾಗಲಿ ಕಿರುಬೆರಳಾಗಲಿ ಎಲ್ಲೂ ಇಲ್ಲ ಎಂದು ತಾವೇ ಒಪ್ಪಿದ್ದೀರಿ. ಇನ್ನು ಆ ತೋರುಬೆರಳ ಗುರುತಿನಲ್ಲಿ ಅಡ್ಡ ಗಾಯ ಇದೆಯೇ ನೋಡಬೇಕು. ಬೀಗದಣ್ಣನ ಬೆರಳಲ್ಲಿ ಕಳೆದ ತಿಂಗಳಿನಿಂದ ಆ ಗಾಯದ ಕಲೆ ಇದೆ. ಅದಕ್ಕೂ ಮೊದಲೇ ಅಚ್ಚು ತೆಗೆದದ್ದರಿಂದ ಮೈಗಳ್ಳನ ಬೆರಳಲ್ಲಿ ಇಲ್ಲ. ಕೈಗಳನ್ನು ಪರೀಕ್ಷೆಗೆ ಇಟ್ಟುಕೊಳ್ಳಬಹುದು, ಕತ್ತರಿಸಿದರೂ ನನ್ನ ತಕರಾರಿಲ್ಲ.

ಬೆಳಿಗ್ಗೆ 9.35ಕ್ಕೆ ಬೀಗದಣ್ಣನನ್ನು ಐದು ನಿಮಿಷ ನೋಡಲು ಅನುಮತಿ ಕೊಟ್ಟಿರಿ. ಅವರು ಗೋಡೆಗೆ ಒರಗಿ ಕೂತಿದ್ದರು, ಎರಡು ದಿನದಲ್ಲಿ ಅರ್ಧ ಆಳಾಗಿದ್ದರು. ನಾನು ನಡೆದದ್ದನ್ನೆಲ್ಲ ಹೇಳಿದೆ. ಅವರು ತಮ್ಮ ಬೆರಳನ್ನೇ ಸ್ವಲ್ಪ ಹೊತ್ತು ನೋಡಿಕೊಂಡರು. ಬೇರೆಯವರಿಗೆ ತಾನು ವಿವರಣೆ ಕೊಡುವುದನ್ನು ಬಿಟ್ಟು ಎಷ್ಟೋ ವರ್ಷವಾಯಿತು, ಆದರೆ ಒಂದು ಮಾತು ಕೇಳಬೇಕು ಎಂದರು.

“ನೀವೂ ನಂಬಿದ್ರಾ ಮಾವ?”

“ಇಲ್ಲಪ್ಪ. ಒಂದು ಕ್ಷಣಾನೂ ಇಲ್ಲ” ಎಂದೆ.

ಅವರು ನನ್ನ ಕೈ ಹಿಡಿದುಕೊಂಡು, “ಹಾಗಿದ್ರೆ ಸರಿ. ಅಷ್ಟು ಸಾಕು ನಂಗೆ” ಎಂದರು.

ಈ ಹೇಳಿಕೆಯನ್ನು ನನಗೆ ಓದಿ ಕೇಳಿಸಲಾಯಿತು. ಇದರಲ್ಲಿ ನಾನು ನಿಮಗೆ ಹೇಳಿದ್ದೆಲ್ಲ ನನಗೆ ತಿಳಿದ ಮಟ್ಟಿಗೆ ನಿಜವಾಗಿದೆ. ಇಂದು ಈ ಠಾಣೆಯೊಳಗೆ ನಾನು ಆಡಿದ ಸುಳ್ಳು ಒಂದೇ, ಅದು ಬೀಗದಣ್ಣನಿಗೆ ಆಡಿದ್ದು. ನಾನು ನಂಬಿದ್ದೆ, ಒಂದೂವರೆ ದಿನ ಪೂರ್ತಿ. ಮುಖ ನೋಡಿಕೊಂಡು ಹೇಳುವ ಧೈರ್ಯ ನನಗೆ ಇಂದು ಬರಲಿಲ್ಲ. ಆದ್ದರಿಂದ ಅವರನ್ನು ಬಿಡುಗಡೆ ಮಾಡುವಾಗ ಈ ಹೇಳಿಕೆಯನ್ನು ಒಂದು ಸಾಲೂ ಬಿಡದೆ ಅವರಿಗೆ ಓದಿ ಹೇಳಬೇಕೆಂದು ಕೋರುತ್ತೇನೆ. ಅಲ್ಲಿಯವರೆಗೆ ನಾನು ಹೊರಗಿನ ಬೆಂಚಿನ ಮೇಲೆ ಕೂತಿರುತ್ತೇನೆ. ಓದಿಸಿಕೊಂಡ ಮೇಲೆ ಅವರು ನನ್ನನ್ನು ಮಾತಾಡಿಸದೆ ಮನೆಗೆ ಹೋದರೆ ಯಾರೂ ತಡೆಯಬಾರದು.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: ಮಾರ್ಚ್ 18, ಬುಧವಾರ, ಬೆಳಿಗ್ಗೆ 11.10

ಹೇಳಿಕೆದಾರನ ರುಜು
(ಮಿಷನ್ ಮಾವ)

ನನ್ನ ಸಮಕ್ಷಮ ಬರೆದುಕೊಂಡದ್ದು,
ಹೆಡ್ ಕಾನ್‌ಸ್ಟೇಬಲ್