ಬೊಮ್ಮಣ್ಣನ ಹೆಸರಲ್ಲಿರೋ ಸೈಟು

ಏಳಬೇಡ, ಏಳಬೇಡ ಬೊಮ್ಮಣ್ಣ. ಮಗ್ಗ ನಿಲ್ಲಿಸಬೇಡ. ನೀನು ನೇಯ್ತಾ ಇರು, ನಾನು ಇಲ್ಲೇ ಕುಂತು ಹೇಳ್ತೀನಿ. ಸೀರೆ ಸೆರಗಿಗೆ ಬಂದೈತಲ್ಲ... ಚೆಂದ ಐತೆ. ಈ ಮೊಳಕಾಲ್ಮೂರಲ್ಲಿ ಇಂಥ ಕೈ ಇನ್ನೊಂದಿಲ್ಲ ಅಂತ ಅಂಗಡಿಗೆ ಬಂದೋರಿಗೆಲ್ಲ ಹೇಳ್ತೀನಿ. ಯಾಕೆ ನಗ್ತಿ? ಸಾವ್ಕಾರ ಮುರುಗೇಂದ್ರಪ್ಪ ಹೊಗಳಿದ ಅಂದ್ರೆ ಏನೋ ಕೆಲಸ ಐತೆ ಅಂತಲಾ? ಐತಪ್ಪ, ಐತೆ. ನಿನ್ನತ್ರ ಏನು ಮುಚ್ಚೋದು.

ನಾಳೆ ಒಂದೇ ಒಂದು ದಿನ ನನ್ನ ಜೊತೆ ಚಳ್ಳಕೆರೆಗೆ ಬರಬೇಕು. ರಿಜಿಸ್ಟ್ರಾರ್ ಆಫೀಸಿಗೆ. ಒಂದು ಸಹಿ, ಅಷ್ಟೇ. ಕಾರು ಬಾಗಿಲಿಗೇ ಬರ್ತದೆ, ಕೂಲೀನೂ ತಪ್ಪಲ್ಲ.

ಯಾವ ಸಹಿ ಅಂದ್ರೆ... ನೆಪ್ಪೈತಾ, ಒಂದ್ಸಲ ಸಾಕ್ಷಿ ಹಾಕು ಬಾ ಅಂತ ಕರ್ಕೊಂಡ್ ಹೋಗಿದ್ದೆನಲ್ಲ? ಫೋಟೊ ತೆಗೆದ್ರು, ಹೆಬ್ಬೆಟ್ಟು ಒತ್ತಿಸಿದ್ರು, ಆಮೇಲೆ ಖಾನಾವಳೀಲಿ ಹೋಳಿಗೆ ಊಟ ಮಾಡಿದ್ವಿ. ಹಾಂ, ಅದೇ. ಅದು... ಸಾಕ್ಷಿ ಅಲ್ಲ ಬೊಮ್ಮಣ್ಣ. ಚಳ್ಳಕೆರೆ ಹತ್ರ ಉಳ್ಳಾರ್ತಿ ಕಾವಲ್ ರಸ್ತೇಲಿ ಒಂದು ಸೈಟ್ ತಗೊಂಡಿದ್ದೆ. ನಿನ್ನ ಹೆಸರಿಗೆ ಮಾಡಿಸಿದ್ದೆ.

ಕೇಳು, ಪೂರ್ತಿ ಕೇಳು. ನನ್ನ ಹೆಸರಿಗೆ ಮಾಡಿಸಿದ್ರೆ ಇನ್‌ಕಮ್ ಟ್ಯಾಕ್ಸ್‌ನೋರು ದುಡ್ಡು ಎಲ್ಲಿಂದ ಬಂತು ಅಂತ ಕೇಳ್ತಿದ್ರು. ಹೆಂಡ್ತಿ ಹೆಸರಿಗೆ ಮಾಡಿಸಿದ್ರೂ ಅದೇ ಕಥೆ. ನಂಬಿಕಸ್ತರು ಯಾರಪ್ಪ ಅಂತ ನೋಡ್ದಾಗ ಕಣ್ಣಿಗೆ ಬಿದ್ದೋನು ನೀನು. ಅಷ್ಟು ನಂಬಿಕೆ ನಿನ್ನ ಮ್ಯಾಲೆ! ಈಗ ಗಿರಾಕಿ ಸಿಕ್ಕೈತೆ. ನನ್ನ ಮಗಳು ತ್ರಿವೇಣಿ ಮದುವೆ ಇದೇ ಸೈಟಿನ ಮ್ಯಾಲೆ ನಿಂತೈತೆ. ನೀನೂ ಎತ್ತಿ ಆಡಿಸಿದ ಕೂಸು ಅದು. ದುಡ್ಡು ನಿನ್ನ ಖಾತೆಗೆ ಬರ್ತದೆ, ನೀನು ನನಗೆ ತಿರುಗಿಸಿ ಕೊಟ್ರೆ ಆತು. ಟ್ಯಾಕ್ಸ್ ನಿನ್ನ ಹೆಸರಿಗೆ ಬಂದ್ರೂ ಕಟ್ಟೋನು ನಾನು.

ಹುಬ್ಬು ಯಾಕೆ ಗಂಟು ಹಾಕ್ದೆ? ಯಾರಾದ್ರೂ ಕಿವಿ ಊದಿದ್ರಾ? ವಕೀಲ ಚಂದ್ರಶೇಖರ್ ಹತ್ರ ಕೇಳ್ಕೊಂಡೇ ಬಂದೀನಿ. ಕಾಗದದಲ್ಲಿ ನೀನೇ ಮಾಲೀಕ, ನಾನು ಕೋರ್ಟಿಗೆ ಹೋಗಿ ನಂದು ಅನ್ನಂಗಿಲ್ಲ. ಒಪ್ಪಿದೆ. ಆದ್ರೆ ವಿಷಯ ಹೊರಗೆ ಬಿದ್ರೆ ಸರ್ಕಾರ ಜಪ್ತಿ ಮಾಡ್ತದೆ. ಇಬ್ಬರ ಜಗಳ ಮೂರನೆಯವನಿಗೆ ಲಾಭ ಅಂತಾರಲ್ಲ, ಹಂಗೆ. ನಿನಗೂ ಇಲ್ಲ, ನನಗೂ ಇಲ್ಲ. ಹೆದರಿಸ್ತಿಲ್ಲಪ್ಪ... ಹೇಳ್ತಿದ್ದೀನಿ.

ನಾನು ಯಾವತ್ತು ನಿನ್ನ ಕೈ ಬಿಟ್ಟಿದ್ದೀನಿ? ಹೋದ ಮಳೆಗಾಲದಲ್ಲಿ ಬಾಡಿಗೆ ಮನೆ ಗೋಡೆ ಬಿದ್ದು ನಿಮ್ಮವ್ವ ಪೆದ್ದಮ್ಮ ಹೋದಾಗ ಎಲ್ಲರಿಗಿಂತ ಮುಂಚೆ ಬಂದೋನು ಯಾರು? ಮಣ್ಣಾಗೋ ತನಕ ನಿಂತೋನು ಯಾರು?

ಯಾಕೆ ಲಾಳಿ ಕೆಳಗಿಟ್ಟೆ?

ನೇಯಿ ಬೊಮ್ಮಣ್ಣ. ನಿಲ್ಲಿಸಬೇಡ ಅಂದ್ನಲ್ಲ. ಅವ್ವನ ಫೋಟೊ ಯಾಕೆ ನೋಡ್ತಿ?

ನೇಕಾರರ ಕಾಲೊನೀಲಿ ಮನೆ ಕಟ್ಕೊಳ್ಳಾಕೆ ನೀನು ಸರ್ಕಾರದತ್ರ ಕೇಳಿದ್ದ ಜಾಗಕ್ಕೂ ಇದಕ್ಕೂ ಸಂಬಂಧ ಇಲ್ಲ. ಅರ್ಜಿ ಎರಡು ಸಲ ತಿರುಗಿ ಬಂತು ಅಂದ್ರೆ ಅದು ಆಫೀಸಿನೋರ ಲಂಚದ ಆಸೆಗೆ. ಆವಾಗ್ಲೇ ಹೇಳಿರಲಿಲ್ವಾ? ನಿನ್ನ ಪರವಾಗಿ ಹೋಗಿ ವಿಚಾರಿಸಿದೋನು ನಾನೇ ಅಲ್ವಾ? ಈತನ ಹೆಸರಲ್ಲಿ ಆಗಲೇ ಸೈಟ್ ಐತೆ, ಇನ್ನೊಂದು ಕೊಡಾಕೆ ಬರಲ್ಲ ಅಂತ ಅವರು ಅಂದ್ರೆ...

ನೀನು ಈ ಪ್ರಶ್ನೇನೇ ಕೇಳಿರಲಿಲ್ಲ. ನಾನ್ಯಾಕೆ ಹೇಳ್ದೆ?

ಗೋಡೆ ಬೀಳ್ತದೆ ಅಂತ ನನಗೇನು ಗೊತ್ತಿತ್ತು ಬೊಮ್ಮಣ್ಣ? ಸೈಟ್ ಮಾರಿಬಿಟ್ರೆ ನಿನಗೆ ಜಾಗ ಸಿಕ್ಕೇ ಸಿಗ್ತದೆ, ಒಂದೆರಡು ವರ್ಷ ತಡ ಆದೀತು ಅಷ್ಟೇ ಅಂದ್ಕೊಂಡಿದ್ದೆ. ಅಷ್ಟೇ ಅಂದ್ಕೊಂಡಿದ್ದೆ.

ಬೈದುಬಿಡು. ಹೊಡಿ ಬೇಕಾದ್ರೆ. ಹಿಂಗೆ ಕೈ ಕಟ್ಕೊಂಡು ಕುಂತ್ಕೋಬೇಡ. ನಿಮ್ಮ ಮನೆ ತೆಲುಗಲ್ಲೇ ಕೇಳ್ಕೊಳ್ತೀನಿ... ಮಾಟ್ಲಾಡಯ್ಯಾ, ಒಂದು ಮಾತಾಡಯ್ಯಾ.

ನಾಳೆ ಕಾರು... ಕಳಿಸ್ಲಾ?