ಬಲಗಡೆಯ ಆರ್ಮ್

ಗ್ಯಾರೇಜಿನ ಬೆಂಚಿನಲ್ಲಿ ನನ್ನ ಪಕ್ಕ ಅಕ್ಕ, ತಮ್ಮ ಇಬ್ಬರು ಕೂತಿದ್ದರು. ಅವರಪ್ಪನ ಹಳೆಯ ದುಬಾರಿ ಕಾರು ಲಿಫ್ಟಿನ ಮೇಲಿತ್ತು. ಮೆಕ್ಯಾನಿಕ್ ಮುಂದಿನ ಬಲಚಕ್ರವನ್ನು ನೆಟ್ಟಗೆ ಹಿಡಿದಿಡುವ, ಸವೆದ ಸಸ್ಪೆನ್ಷನ್ ಆರ್ಮ್ ಬಿಚ್ಚಿ ತಂದು ಅವರೆದುರು ಇಟ್ಟು ಹೋದ.

“ಎರಡೂ ಕಡೆ ಹೊಸದು ಹಾಕಿಸ್ದೆ ಅಂದಿದ್ದೆ ನೀನು,” ಅಂದಳು ಅಕ್ಕ.

“ಎಡಗಡೆ ಹಾಕಿಸಿದ್ದೆ. ಬಲಗಡೇದು ಇನ್ನೂ ಬಾಳಿಕೆ ಬರುತ್ತೆ ಅಂದ್ಕೊಂಡೆ.”

“ಅಂದ್ಕೊಂಡು ಕೀ ಅಪ್ಪನ ಕೈಗೆ ಕೊಟ್ಟೆ.”

“ಗೋಡೆಗೆ ಗುದ್ದಿದ್ದು ಅಪ್ಪ. ಅವರಿಗೆ ಕಣ್ಣು ಮಂಜು.”

“ಕಾರು ತಾನಾಗೇ ಬಲಕ್ಕೆ ಎಳೀತು ಅಂತ ಬಡ್ಕೊಂಡ್ರು. ನೀನು ನೆಂಟರ ಮುಂದೆಲ್ಲ ನಕ್ಕೆ. ಈಗ ಅವರಿಗೇ ತಮ್ಮ ಕಣ್ಣಿನ ಮೇಲೆ ನಂಬಿಕೆಯಿಲ್ಲ.”

“ಮೆಲ್ಲಗೆ ಮಾತಾಡಕ್ಕ, ಜನ ನೋಡ್ತಿದ್ದಾರೆ.”

“ನೋಡ್ಲಿ. ಅಪ್ಪನ ಮಾನ ಕಳೆದಾಗಲೂ ಜನ ಇದ್ರಲ್ಲ!”

“ಈಗ ನಾನೇನ್ ಮಾಡ್ಬೇಕು?”

“ಇದನ್ನ ಎತ್ಕೋ. ಅಪ್ಪನ ಮುಂದಿಟ್ಟು ತಪ್ಪು ನಂದು ಅನ್ನು.”

ಅವನು ಎತ್ತಿಕೊಂಡ, ಗ್ರೀಸು ಬಿಳಿ ಅಂಗಿಗೆ ಮೆತ್ತಿತು. ಅಕ್ಕ ತಿರುಗಿಯೂ ನೋಡದೆ ರಸ್ತೆಗಿಳಿದಳು. ಅವನು ಅವಳ ಹಿಂದೆ ನಡೆದ.